ಮುಂದಿನ ವರ್ಷವೂ ಇರ್ತೀರಾ, ಮಿಸ್?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲ್ವರ್ಸನ್ ಶಾಲೆಯ ಹಳದಿ ಬಸ್ಸು ಎರಡು ಸಲ ಕೆಮ್ಮಿ ಶೆಡ್ಡಿನಿಂದ ಹೊರಬೀಳುತ್ತದೆ. ಓಡಿಸುವವರು ಲೈಲ್ ಬೋಸೆನ್, ಎಪ್ಪತ್ತು ದಾಟಿದ ಮನುಷ್ಯ. ಮೂರನೇ ಸಾಲಿನಲ್ಲಿ ಉಣ್ಣೆ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಕೂತಿರುವವರು ಜನೆಲ್ ವೊಟಾವಾ. ಇಡೀ ಬಸ್ಸು ಖಾಲಿ ಇದ್ದರೂ ಕಿಟಕಿ ಪಕ್ಕ ಕೂರದೆ ಹಾದಿಯ ಬದಿಗೆ ಕೂತಿದ್ದಾರೆ.

"ಹೀಟರ್ ಹಾಕಿ ಲೈಲ್, ಕಾಲು ಮರಗಟ್ತಾ ಇದೆ."

"ಹಾಕಿದೀನಿ ತಾಯಿ. ಅದಕ್ಕೂ ನನ್ನಷ್ಟೇ ವಯಸ್ಸಾಗಿದೆ. ಬಿಸಿ ಆಗೋಕೆ ಸ್ವಲ್ಪ ಹೊತ್ತು ಬೇಕು."

ಜನೆಲ್ ಈ ಶಾಲೆಯ ಆಪ್ತ ಸಮಾಲೋಚಕಿ. ಮಕ್ಕಳ ಮನಸ್ಸಿನ ಭಾರ ಇಳಿಸುವ ಕೆಲಸ. ಇಂಥವರು ಬೆಚ್ಚಗಿನ ಕೋಣೆಯಲ್ಲಿ ಕೂತು ಮಕ್ಕಳನ್ನು ಕರೆಸಿಕೊಂಡು ಮಾತಾಡಿಸುತ್ತಾರೆ ಎಂದುಕೊಂಡಿದ್ದೆ. ಕೋಣೆಯೇನೋ ಇವರಿಗೂ ಇದೆ. ಆದರೆ ಅದರ ಬಾಗಿಲು ರಸ್ತೆಗೆ ತೆರೆಯುತ್ತದೆ, ಎದುರಿಗೇ ದನದ ಮೇವು ಮಾರುವ ಸಹಕಾರಿ ಅಂಗಡಿ. ಅಂಗಡಿಯ ಬೆಂಚಿನಲ್ಲಿ ಬೆಳಗಿನಿಂದ ಕಾಫಿ ಹೀರುತ್ತಾ ಕೂರುವ ಗಂಡಸರಿಗೆ ಯಾವ ಪಿಕಪ್ ಗಾಡಿ ಯಾರದು ಎಂದು ದೂಳು ನೋಡಿಯೇ ಗೊತ್ತಾಗುತ್ತದೆ. ಇಂಥವರ ಗಾಡಿ ಜನೆಲ್ ಬಾಗಿಲ ಮುಂದೆ ನಿಂತಿತ್ತು ಎಂದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ನಮ್ಮ ಸ್ಯಾಂಡ್‌ಹಿಲ್ಸ್ ಗುಡ್ಡಸೀಮೆಯ ಜನರಿಗೆ ಕಾಲು ಮುರಿದರೆ ನಾಚಿಕೆಯಿಲ್ಲ, ಮನಸ್ಸು ಮುರಿದರೆ ಮಾತ್ರ ಮುಚ್ಚಿಟ್ಟುಕೊಳ್ಳಬೇಕು. ಹಾಗಾಗಿ ಮೊದಮೊದಲು ಆ ಬಾಗಿಲನ್ನು ಯಾರೂ ತಟ್ಟಲಿಲ್ಲ.

"ಎರಡು ತಿಂಗಳು ಸುಮ್ನೆ ಕೂತಿದ್ದೆ. ಆಮೇಲೆ ನನಗೇ ಬುದ್ಧಿ ಬಂತು, ಇವರು ಬರಲ್ಲ, ನಾನೇ ಹೋಗ್ಬೇಕು ಅಂತ. ಬಸ್ಸು ಹತ್ತಿಬಿಟ್ಟೆ," ಎನ್ನುತ್ತಾರೆ ಜನೆಲ್.

ಬಸ್ಸಿಗೊಂದು ಗುಣವಿದೆ. ಪಕ್ಕದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಮಗು ಕಿಟಕಿಯಾಚೆಯ ಹುಲ್ಲುಗುಡ್ಡಗಳನ್ನೂ ದನಗಳನ್ನೂ ನೋಡುತ್ತಿರುತ್ತದೆ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜನೆಲ್ ಕಿಟಕಿ ಸೀಟು ಬಿಟ್ಟು ಕೂರುವುದು ಅದಕ್ಕೇ. ದೂರದ ರ‍್ಯಾಂಚಿನ, ಎಂದರೆ ದನ ಸಾಕುವ ಹುಲ್ಲುಗಾವಲು ಜಮೀನಿನ, ಮಕ್ಕಳಿಗೆ ಒಂದು ಗಂಟೆಗೂ ಮೀರಿದ ಪ್ರಯಾಣ. ದಿನಕ್ಕೊಬ್ಬರ ಪಾಲಿಗೆ ಆ ಸೀಟು.

ನಾನು ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಮೊದಲು ಬಸ್ಸು ಹತ್ತಿದ್ದು ಮಾರ್ಚಿನಲ್ಲಿ. ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಅದು ಎರಡು ತಿಂಗಳಿಗೆ ಎಳೆದು ಸಂಪಾದಕರಿಂದ ಬೈಸಿಕೊಂಡದ್ದೂ ಆಯಿತು. ಅಷ್ಟರಲ್ಲಿ ಊರೇ ಸೇರಿ ಒಂದು ಅವಾಂತರ ಮಾಡಿಕೊಂಡಿತು, ಅದರಲ್ಲಿ ನನ್ನ ನಲವತ್ತು ಡಾಲರೂ ಸೇರಿತ್ತು.

ಜನೆಲ್ ಪಕ್ಕದ ಕೌಂಟಿಯವರು. ಅಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು, ಈಗಿಲ್ಲ. ಅಮ್ಮ ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಜನೆಲ್. ಈ ಕೆಲಸಕ್ಕೆ ಬರೀ ಪದವಿ ಸಾಲದು, ಸ್ನಾತಕೋತ್ತರ ಆಗಬೇಕು. ಓದಿಗೆ ಸಾಲ ಮಾಡಿದರು, ಅಮ್ಮ ಜಾಮೀನು ನಿಂತರು. ಓದು ಮುಗಿಯುವಷ್ಟರಲ್ಲಿ ಸಾಲ ಎಪ್ಪತ್ತೆಂಟು ಸಾವಿರ ಡಾಲರಿಗೆ ಬೆಳೆದಿತ್ತು.

"ಸಾಲದ ಕಂಪನಿಯೋರು ಕಂತು ಎಷ್ಟು ಅಂದಾಗ ನಾನು ಪೇಷೆಂಟೋ ಡಾಕ್ಟರೋ ಗೊತ್ತಾಗ್ಲಿಲ್ಲ," ಎಂದು ನಗುತ್ತಾರೆ. "ಮನೆ ಬಾಡಿಗೆಗಿಂತ ಕಂತೇ ಜಾಸ್ತಿ."

ನಮ್ಮ ಶಾಲೆಗೆ ಇವರಿಗಿಂತ ಮೊದಲು ಬಂದ ಸಮಾಲೋಚಕರು ಯಾರೂ ನಿಲ್ಲಲಿಲ್ಲ. ಒಬ್ಬರು ಒಂದೇ ಚಳಿಗಾಲಕ್ಕೆ ಕೈ ಮುಗಿದರು. ಇನ್ನೊಬ್ಬರು ಕ್ರಿಸ್‌ಮಸ್ ರಜೆಗೆಂದು ಹೋದವರು ತಿರುಗಿ ಬರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಎಲ್ಲರ ಕತ್ತಿಗೂ ಇದೇ ಓದಿನ ಸಾಲ. ನಗರದ ಆಸ್ಪತ್ರೆಗಳು ಇಲ್ಲಿಗಿಂತ ಒಂದೂವರೆ ಪಟ್ಟು ಸಂಬಳ ಕೊಡುತ್ತವೆ. ಈ ಹೋಗುವುದು ಬರುವುದೆಲ್ಲ ದೊಡ್ಡವರ ಲೆಕ್ಕ, ಮಕ್ಕಳ ಮನಸ್ಸಿಗೆ ಹತ್ತುವ ಲೆಕ್ಕವೇ ಬೇರೆ.

ಅದು ನನಗೆ ಗೊತ್ತಾದದ್ದು ಒಂದು ಹುಡುಗಿಯಿಂದ. ಅವಳ ನಿಜ ಹೆಸರು ಬೇಡ, ಆನಿ ಎನ್ನೋಣ. ಅವಳ ಅಜ್ಜಿ ಅಡೆಲ್ ಈ ಬರಹ ಓದಿ, "ಹಾಕಿ, ಪರ್ವಾಗಿಲ್ಲ, ಆದ್ರೆ ನನ್ನ ನಾಯಿ ಬಗ್ಗೆ ಏನೂ ಬರೀಬೇಡಿ," ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಆನಿ ಮೂರನೇ ತರಗತಿ. ಅಮ್ಮ ಇದ್ದಾಳೆ, ಜೊತೆಗಿಲ್ಲ. ಹಿಂದಿನ ಸಮಾಲೋಚಕಿಯೊಬ್ಬರ ಹತ್ತಿರ ಆನಿ ಅಮ್ಮನ ವಿಷಯ ಹೇಳಲು ಶುರು ಮಾಡಿದ್ದಳಂತೆ. ಅರ್ಧಕ್ಕೆ ಬಂದಾಗ ಅವರು ಕೆಲಸ ಬಿಟ್ಟು ಹೋದರು.

"ಆಮೇಲಿಂದ ಈ ಕೂಸು ಬಾಯಿಗೆ ಬೀಗ ಹಾಕ್ಕೊಂಡು ಕೂತಿದೆ. ನನ್ನ ಹತ್ರಾನೂ ಹೇಳಲ್ಲ. ಹೊಟ್ಟೇಲಿ ಇಟ್ಕೊಂಡು ಉಗುರು ಕಚ್ತಾಳೆ, ಊಟ ಬಿಡ್ತಾಳೆ," ಎನ್ನುತ್ತಾರೆ ಅಡೆಲ್.

ಜನೆಲ್ ಪಕ್ಕ ಕೂತಾಗಲೂ ಆನಿ ದನಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದಳು. ಯಾವ ಹಸು ಕರು ಹಾಕಿತು, ಯಾವ ಕರುವಿಗೆ ಕಿವಿ ಹೆಪ್ಪುಗಟ್ಟಿತು, ಇಷ್ಟೇ. ಇಳಿಯುವ ಮುಂಚೆ ಒಂದು ಪ್ರಶ್ನೆ ಖಾಯಂ.

"ಮುಂದಿನ ವರ್ಷವೂ ಇರ್ತೀರಾ, ಮಿಸ್?"

"ಗೊತ್ತಿಲ್ಲ ಆನಿ. ಗೊತ್ತಾದ ದಿನ ನಿನಗೇ ಮೊದ್ಲು ಹೇಳ್ತೀನಿ."

ಹೂಂ ಎಂದು ಒಂದು ಸುಳ್ಳು ಹೇಳಿದ್ದರೆ ಹುಡುಗಿ ಅಂದೇ ಬಾಯಿ ಬಿಡುತ್ತಿದ್ದಳೋ ಏನೋ. ಹಾಗೆಂದು ಕೇಳಿದೆ. ಜನೆಲ್ ನನ್ನನ್ನು ಒಂದು ನಮೂನೆ ನೋಡಿದರು. "ಸುಳ್ಳು ಹೇಳಿ ಬಾಯಿ ಬಿಡ್ಸಿ, ಆಗಸ್ಟಿನಲ್ಲಿ ನಾನಿಲ್ಲದೇ ಹೋದ್ರೆ? ಇನ್ನು ಜನ್ಮದಲ್ಲಿ ಯಾರನ್ನೂ ನಂಬಲ್ಲ ಆ ಮಗು."

ಜನೆಲ್‌ಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಮಾಹಾ ನಗರದ ಆಸ್ಪತ್ರೆಯೊಂದು ಕೆಲಸ ಕೊಡುತ್ತೇನೆಂದು ಕರೆದಿತ್ತು, ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಇಲ್ಲಿಯೇ ಉಳಿಯಲು ಇದ್ದದ್ದು ಒಂದೇ ದಾರಿ. ದೂರದ ಶಾಲೆಗಳಲ್ಲಿ ಇಂಥ ಕೆಲಸ ಮಾಡುವವರ ಓದಿನ ಸಾಲಕ್ಕೆ ನೆರವು ಕೊಡುವ ಸರ್ಕಾರದ ಯೋಜನೆ. ಮೂರು ವರ್ಷ ಇದೇ ಶಾಲೆಯಲ್ಲಿ ಇರುತ್ತೇನೆಂದು ಬರೆದುಕೊಟ್ಟರೆ ವರ್ಷಕ್ಕೆ ಹದಿನೈದು ಸಾವಿರದಂತೆ ಸಾಲ ತೀರಿಸುತ್ತಾರೆ. ಚಳಿಗಾಲದಲ್ಲೇ ಅರ್ಜಿ ಹಾಕಿ, ಆಯ್ಕೆಯೂ ಆಗಿ, ಕೊನೆಯ ಮಂಜೂರಾತಿಗೆ ಕಾಯುತ್ತಿದ್ದರು. ಷರತ್ತುಗಳಲ್ಲಿ ಒಂದು ಹೀಗಿತ್ತು: ಈ ನಡುವೆ ಆ ಸಾಲಕ್ಕೆ ಬೇರೆಯವರು ಯಾರೂ ಹಣ ಕಟ್ಟಿರಬಾರದು.

ಇದನ್ನೆಲ್ಲ ಅವರು ಊರಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಸಾಲದ ಮಾತೆತ್ತಲು ನಾಚಿಕೆ. ಆದರೆ ಮಕ್ಕಳು ಇಳಿದ ಮೇಲೆ ಖಾಲಿ ಬಸ್ಸಿನಲ್ಲಿ ಒಂದು ದಿನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದರು, ಕಂತು ಕಟ್ಟಲಾಗದೆ ಒಮಾಹಾಕ್ಕೆ ಹೋಗಬೇಕಾದೀತು ಎಂದು ಅತ್ತರು. ಲೈಲ್ ಕನ್ನಡಿಯಲ್ಲಿ ನೋಡಿದರು.

"ನನ್ನ ಕಿವಿ ಮಂದ ಅಂತ ಊರೆಲ್ಲ ಅಂದ್ಕೊಂಡಿದೆ," ಎಂದು ಲೈಲ್ ನನಗೆ ಕಣ್ಣು ಮಿಟುಕಿಸಿದರು. "ನಾನೂ ಹಾಗೇ ಬಿಟ್ಟಿದೀನಿ. ಎಷ್ಟು ಅನುಕೂಲ ಗೊತ್ತಾ?"

ಪುಣ್ಯಾತ್ಮ ಕೇಳಿಸಿಕೊಂಡದ್ದು ಅರ್ಧ. ಸಾಲ, ಒಮಾಹಾ, ಅಳು, ಇಷ್ಟು ಕೇಳಿಸಿತು. ಸರ್ಕಾರದ ನೆರವು, ಅದರ ಷರತ್ತು, ಇದ್ಯಾವುದೂ ಗೊತ್ತಾಗಲಿಲ್ಲ. ಆ ಅರ್ಧವನ್ನೇ ತಂದು ಶಾಲೆಯ ಅಡುಗೆಮನೆಯಲ್ಲಿ ಮಾರ್ಲಿಸ್ ಮುಂದೆ ಸುರಿದರು. ಮಾರ್ಲಿಸ್ ನಮ್ಮ ಶಾಲೆಯ ಅಡುಗೆಯವರು. ಅವರ ಕೈಯ ಚಿಲಿ ಎಂಬ ಖಾರದ ಮಾಂಸದ ಸಾರು ಮತ್ತು ದಾಲ್ಚಿನ್ನಿ ರೋಲ್ ತಿಂದು ಬೆಳೆದ ಮೂರು ತಲೆಮಾರು ಈ ಊರಿನಲ್ಲಿದೆ. ಅವರಿಗೆ ಒಂದು ಮಾತು ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಆದರೆ ಆ ಸಲ ಅವರು ಊರಿಗೆಲ್ಲ ಹೇಳಿ ಜನೆಲ್ ಒಬ್ಬರಿಗೆ ಮಾತ್ರ ಗೊತ್ತಾಗದ ಹಾಗೆ ನೋಡಿಕೊಂಡರು.

ನಮ್ಮಲ್ಲಿ ಸಹಾಯ ಮಾಡುವ ರೀತಿಯೇ ಹಾಗೆ. ಕೈಗೆ ದುಡ್ಡು ಕೊಟ್ಟರೆ ತೆಗೆದುಕೊಂಡವರು ಥ್ಯಾಂಕ್ಸ್ ಹೇಳಬೇಕು, ಕೊಟ್ಟವರು ಕೇಳಬೇಕು, ಇಬ್ಬರಿಗೂ ಮುಜುಗರ. ಅದಕ್ಕೇ ಬೆನ್ನ ಹಿಂದೆ ಮಾಡುತ್ತೇವೆ. ಯಾರದೋ ಮೇವಿನ ಬಾಕಿ ಅಂಗಡಿಯಲ್ಲಿ ಸದ್ದಿಲ್ಲದೆ ಚುಕ್ತಾ ಆಗಿರುತ್ತದೆ, ಇನ್ಯಾರದೋ ಆಸ್ಪತ್ರೆಯ ಬಿಲ್ಲು ತೀರಿರುತ್ತದೆ. ಯಾರು ಕಟ್ಟಿದ್ದು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ತಪ್ಪು.

ಮಾರ್ಲಿಸ್ ಒಂದು ಭಾನುವಾರ ಚರ್ಚ್ ಮುಗಿದ ಮೇಲೆ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಊಟ ಮತ್ತು ಪೈ ಎಂಬ ಹಣ್ಣು ತುಂಬಿದ ಸಿಹಿತಿಂಡಿಯ ಹರಾಜು ಇಟ್ಟರು. ಅಗ್ನಿಶಾಮಕ ಗಾಡಿಯ ಟೈರಿಗೆ ಹಣ ಬೇಕು ಎಂದು ಹೊರಗೆ ಬೋರ್ಡು. ಒಳಗಿದ್ದವರಿಗೆಲ್ಲ ನಿಜ ಗೊತ್ತು. ಪೈ ಹರಾಜು ಹೇಗೆಂದರೆ, ಕೊಂಡವರು ಅದನ್ನು ಮನೆಗೆ ಒಯ್ಯಬಹುದು, ಇಲ್ಲವೇ "ಇನ್ನೊಮ್ಮೆ ಮಾರಿ!" ಎಂದು ಕೂಗಿ ಮೇಜಿಗೇ ಮರಳಿಸಬಹುದು. ಅವತ್ತು ಒಂದೊಂದು ಪೈ ನಾಲ್ಕು ಐದು ಸಲ ಮಾರಾಟವಾಯಿತು. ಜನೆಲ್ ತಾವೇ ಮಾಡಿದ ಚೆರ್ರಿ ಪೈ ತಂದಿದ್ದರು. ಸಾಲದ್ದಕ್ಕೆ ಇಪ್ಪತ್ತೈದು ಡಾಲರ್ ಕೊಟ್ಟು ಇನ್ನೊಬ್ಬರ ಪೈ ಕೊಂಡರು, ಪಾಪ, ಟೈರಿಗೆಂದು. ನಾನು ನಲವತ್ತು ಡಾಲರಿಗೆ ಕೊಂಡದ್ದು ರುಬಾರ್ಬ್ ದಂಟು ಹಾಕಿದ ಪೈ. ಹಲ್ಲು ಜುಮ್ಮೆನ್ನುವಷ್ಟು ಹುಳಿ. ನನಗಿಂತ ಮೊದಲು ಕೊಂಡವನು ಅದನ್ನು ಯಾಕೆ ಮರಳಿಸಿದ ಎಂದು ಆಮೇಲೆ ಅರ್ಥವಾಯಿತು.

ಜನೆಲ್ ಒಬ್ಬರನ್ನು ಬಿಟ್ಟು ಎಲ್ಲರೂ ಸಾಲದ ಕಂಪನಿಯ ಹೆಸರಿಗೇ ಚೆಕ್ಕು ಬರೆದರು. ಸಾಲದ ನಂಬರು ಕೊಟ್ಟವರು ಜನೆಲ್ ಅಮ್ಮ, ಆ ಷರತ್ತು ಅವರಿಗೂ ಗೊತ್ತಿರಲಿಲ್ಲ. ಮಾರ್ಲಿಸ್ ಫೋನು ಮಾಡಿದಾಗ ಆ ತಾಯಿ ಅತ್ತುಬಿಟ್ಟರಂತೆ. ಐವತ್ತಕ್ಕೂ ಹೆಚ್ಚು ಚೆಕ್ಕು ಒಂದೇ ದೊಡ್ಡ ಲಕೋಟೆಯಲ್ಲಿ ಹೋದವು. ಒಟ್ಟು ಸುಮಾರು ಐದು ಸಾವಿರ ಡಾಲರ್. ಊರಿಗೆ ಊರೇ ಮುಸಿಮುಸಿ ನಗುತ್ತಾ ಎರಡು ವಾರ ಓಡಾಡಿತು.

ಏಪ್ರಿಲ್ ನಡುವಿನಲ್ಲಿ ರಾಜಧಾನಿಯ ನೆರವು ಯೋಜನೆಯ ಕಚೇರಿಯಿಂದ ಜನೆಲ್‌ಗೆ ಫೋನು ಬಂತು. ನಿಮ್ಮ ಸಾಲಕ್ಕೆ ಹೊರಗಿನವರು ಹಣ ಕಟ್ಟಿದ್ದಾರೆ, ಷರತ್ತು ಮುರಿದಿದೆ, ನೆರವು ಸಿಗುವುದಿಲ್ಲ. ಫೋನು ಮಾಡಿದಾಕೆ ಒಳ್ಳೆಯವರೇ, ಅವರ ದನಿಯಲ್ಲೂ ಬೇಸರವಿತ್ತಂತೆ. ಜನೆಲ್ ಯಾರು, ಏನು, ಎತ್ತ ಎಂದು ತಿಳಿಯದೆ ನೇರ ಅಡುಗೆಮನೆಗೆ ಹೋಗಿ ನಿಂತರು.

"ಮಾರ್ಲಿಸ್, ನನ್ನ ಸಾಲಕ್ಕೆ ಯಾರೋ ದುಡ್ಡು ಕಟ್ಟಿದಾರೆ."

"ಹೌದಾ? ಯಾರಪ್ಪಾ ಅಂಥ ಪುಣ್ಯವಂತರು!" ಎಂದು ಮಾರ್ಲಿಸ್ ಹಿಟ್ಟು ನಾದುತ್ತಾ ನಕ್ಕರು. ತಿರುಗಿ ನೋಡಿದರೆ ಜನೆಲ್ ನೆಲದ ಮೇಲೆ ಕುಸಿದು ಕೂತು ಅಳುತ್ತಿದ್ದಾರೆ. ಐದು ಸಾವಿರ ಕೊಟ್ಟು ನಲವತ್ತೈದು ಸಾವಿರ ಕಳೆದ ವಿಷಯ ಮಾರ್ಲಿಸ್‌ಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರೂ ಪಕ್ಕದಲ್ಲೇ ಕೂತುಬಿಟ್ಟರು. ಅವತ್ತು ಮಕ್ಕಳಿಗೆ ಸೀದ ರೋಲ್.

"ಮೊದ್ಲು ಕೋಪ ಬಂತು," ಎನ್ನುತ್ತಾರೆ ಜನೆಲ್. "ಆಮೇಲೆ ಯಾರ ಮೇಲೆ ಕೋಪ ಮಾಡ್ಕೊಳ್ಳೋದು? ದಿನಾ ಮಕ್ಕಳಿಗೆ ಹೇಳ್ತೀನಿ, ಕಷ್ಟ ಇದ್ರೆ ಬಾಯಿ ಬಿಟ್ಟು ಹೇಳಿ, ಅದು ಅವಮಾನ ಅಲ್ಲ ಅಂತ. ನಾನೇ ಹೇಳ್ಲಿಲ್ಲ. ಹೇಳಿದ್ರೆ ಇವರು ಹೀಗೆ ಮಾಡ್ತಿದ್ರಾ?"

ರಾಜಧಾನಿಯ ಆಕೆಯೇ ಒಂದು ದಾರಿ ತೋರಿಸಿದರು. ಕಟ್ಟಿದವರು ಒಬ್ಬೊಬ್ಬರೂ, ಇದು ಜನೆಲ್‌ಗೆ ತಿಳಿಯದಂತೆ ನಾನು ಕೊಟ್ಟದ್ದು, ಮರಳಿಸಿ ಎಂದು ಸಾಕ್ಷಿಯ ಮುಂದೆ ಸಹಿ ಹಾಕಿದರೆ ಕಂಪನಿ ಹಣ ಹಿಂದಿರುಗಿಸಬಹುದು. ತಿಂಗಳು ಮುಗಿಯುವುದರೊಳಗೆ ಆದರೆ ಷರತ್ತು ಮುರಿದಂತಲ್ಲ. ಒಬ್ಬರ ಸಹಿ ಬಿಟ್ಟುಹೋದರೂ ಕಥೆ ಮುಗಿಯಿತು.

ಬೆನ್ನ ಹಿಂದೆ ಕೊಟ್ಟವರು ಎದುರಿಗೆ ಬಂದು ಹೆಸರು ಹೇಳಬೇಕು. ನಮ್ಮ ಜನಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅದರ ಮೇಲೆ ಇನ್ನೊಂದು ಪೇಚು. ಊರಿನಲ್ಲಿ ಸಾಕ್ಷಿಯ ಮುದ್ರೆ ಒತ್ತುವ ಅಧಿಕಾರ ಇರುವುದು ಶಾಲೆಯ ಗುಮಾಸ್ತೆಗೆ. ತರಗತಿ ನಡೆಯುವಾಗ ಹೊರಗಿನವರು ಶಾಲೆಯ ಒಳಗೆ ಓಡಾಡುವಂತಿಲ್ಲ. ರಸ್ತೆಯಿಂದ ನೇರ ಒಳಗೆ ಬರಬಹುದಾದ ಕೋಣೆ ಇಡೀ ಶಾಲೆಗೆ ಒಂದೇ, ಜನೆಲ್ ಕೋಣೆ.

ಸೋಮವಾರ ಬೆಳಿಗ್ಗೆ ಗುಮಾಸ್ತೆ ಮುದ್ರೆ ಹಿಡಿದು ಅಲ್ಲಿ ಕೂತರು. ಜನೆಲ್ ಕಾಫಿ ಕಾಸಿಟ್ಟರು. ಎದುರಿನ ಬೆಂಚಿನ ಗಂಡಸರು ಅತ್ತ ಇತ್ತ ನೋಡುತ್ತಾ ಕೂತೇ ಇದ್ದರು. ಒಬ್ಬರೂ ಏಳಲಿಲ್ಲ.

ಕೊನೆಗೆ ಲೈಲ್ ಬಂದರು. ಅವರ ಹಳೆಯ ಹಸಿರು ಪಿಕಪ್ಪನ್ನು ಬಾಗಿಲಿಗೆ ತಾಗುವ ಹಾಗೆ ನಿಲ್ಲಿಸಿ, ಬೇಕೆಂದೇ ಉದ್ದಕ್ಕೆ ಹಾರ್ನ್ ಬಾರಿಸಿದರು.

"ನೋಡ್ಕೊಳ್ರೋ! ಲೈಲ್ ಬೋಸೆನ್‌ಗೆ ತಲೆ ಕೆಟ್ಟಿದೆ, ತೋರ್ಸೋಕೆ ಬಂದಿದೀನಿ. ಸಾಲಾಗಿ ಬನ್ನಿ, ನಿಮ್ದೇನೂ ಬಹಳ ನೆಟ್ಟಗಿಲ್ಲ!"

ಬೆಂಚಿನಲ್ಲಿ ಯಾರೋ ಕಾಫಿ ಕುಡಿಯುತ್ತಾ ನಕ್ಕು ನೆತ್ತಿಗೇರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಪಕ್ಕದ ರಸ್ತೆಯಲ್ಲಿ ಪಿಕಪ್‌ಗಳ ಸಾಲು. ನಾನೂ ಸಾಲಿನಲ್ಲಿ ನಿಂತೆ. ಒಳಗೆ ಹೋಗಿ ಕೂತರೆ ಅದೊಂದು ಸಾದಾ ಕುರ್ಚಿ, ಒಂದು ಕಿಟಕಿ, ಮಕ್ಕಳು ಬರೆದ ಹಸುಗಳ ಚಿತ್ರ. ಇದಕ್ಕೆ ಇಷ್ಟು ವರ್ಷ ಹೆದರಿದ್ದೆವಲ್ಲ ಎನಿಸಿತು.

ವರ್ಲಿನ್ ಯೋಸ್ಟ್ ಎಂಬ ರ‍್ಯಾಂಚಿನ ಯಜಮಾನರು ಸಹಿ ಹಾಕಿದರು, ಏಳಲಿಲ್ಲ. ಹೋದ ಚಳಿಗಾಲದಲ್ಲಿ ತಮ್ಮನನ್ನು ಕಳೆದುಕೊಂಡವರು. ಶವಸಂಸ್ಕಾರದ ದಿನವೂ ದನಗಳಿಗೆ ಮೇವು ಹಾಕಿ ಬಂದಿದ್ದ ಗಟ್ಟಿ ಆಸಾಮಿ. ಗುಮಾಸ್ತೆ ಮುಂದಿನವರನ್ನು ಕರೆಯಲು ಹೊರಟರೆ ಜನೆಲ್ ಕಣ್ಣಿನಲ್ಲೇ ತಡೆದು, ಮೇಜನ್ನು ಹೊರಗೆ ಅಂಗಳದಲ್ಲಿ ಹಾಕಿಸಿದರು. ಉಳಿದವರು ಗಾಳಿಯಲ್ಲಿ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು. ಬಾಗಿಲು ಬಹಳ ಹೊತ್ತು ಮುಚ್ಚಿಯೇ ಇತ್ತು. ಯಾರೂ ಗೊಣಗಲಿಲ್ಲ.

"ಏನ್ ಮಾತಾಡಿದೆ ಅಂತ ಕೇಳ್ಬೇಡ," ಎಂದರು ವರ್ಲಿನ್ ಆಮೇಲೆ ನನಗೆ. "ಕುರ್ಚಿ ಚೆನ್ನಾಗಿತ್ತು, ಕೂತಿದ್ದೆ ಅಂತ ಬರಿ." ಬರೆದಿದ್ದೇನೆ.

ಸಹಿಗಳೆಲ್ಲ ಸೇರಿದವು. ಕಾಗದಗಳು ಹೋದವು. ಅಲ್ಲಿಂದ ಮುಂದಿನ ದಿನಗಳಲ್ಲಿ ಊರಿನಲ್ಲಿ ಯಾರ ಬಾಯಿಯಲ್ಲೂ ಬೇರೆ ಮಾತಿಲ್ಲ. ಮಾರ್ಲಿಸ್ ಒಂದು ವಾರ ಯಾರಿಗೂ ಏನೂ ಹೇಳಲಿಲ್ಲ, ಅದನ್ನು ನೋಡಿ ನಮಗೆ ಇನ್ನೂ ಗಾಬರಿ. ಜನೆಲ್ ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು ಬಸ್ಸು ಹತ್ತಿದರು. ಆನಿ ಕೇಳಿದಳು, ಅವರು ಗೊತ್ತಿಲ್ಲ ಎಂದರು. ಒಮಾಹಾದವರು ಕೊಟ್ಟ ಗಡುವಿಗೆ ಒಂದು ದಿನ ಉಳಿದಿತ್ತು.

ಅವತ್ತು ಮಧ್ಯಾಹ್ನ ಫೋನು ಬಂತು. ಹಣ ಮರಳಿದೆ, ನೆರವು ಮಂಜೂರಾಗಿದೆ. ಉಳಿಯುವ ಮೂವತ್ತಮೂರು ಸಾವಿರವನ್ನು ತಾವೇ ನಿಧಾನವಾಗಿ ತೀರಿಸುತ್ತಾರಂತೆ. ಜನೆಲ್ ಒಮಾಹಾಕ್ಕೆ ಫೋನು ಮಾಡಿ ಬರುವುದಿಲ್ಲ ಎಂದರು, ಅಮ್ಮನಿಗೂ ಹೇಳಲಿಲ್ಲ, ಮಾರ್ಲಿಸ್‌ಗಂತೂ ಹೇಳಲೇ ಇಲ್ಲ. ನನಗೆ ಹೇಳಿದ್ದು ಇಷ್ಟೇ: "ನಾಳೆ ಬೆಳಿಗ್ಗೆ ಬಸ್ಸಿಗೆ ಬನ್ನಿ. ಅಲ್ಲೀವರೆಗೆ ನನ್ನನ್ನೇನೂ ಕೇಳ್ಬೇಡಿ. ಒಬ್ಬರಿಗೆ ಮಾತು ಕೊಟ್ಟಿದೀನಿ."

ಹೋದೆ. ಅಡೆಲ್ ಮನೆಯ ಗೇಟಿನ ಹತ್ತಿರ ಆನಿ ಹತ್ತಿದಳು. ಚೀಲ ಕಾಲ ಬಳಿ ಇಟ್ಟು ಕಿಟಕಿ ಪಕ್ಕ ಕೂತಳು. ಕೇಳಲು ಬಾಯಿ ತೆರೆಯುವ ಮುಂಚೆಯೇ ಜನೆಲ್ ಹೇಳಿಬಿಟ್ಟರು.

"ಆನಿ, ಇರ್ತೀನಿ. ಮುಂದಿನ ವರ್ಷ, ಅದರ ಮುಂದಿನ ವರ್ಷ, ಅದರಾಚೆ ವರ್ಷನೂ."

ಹುಡುಗಿ ಅವರನ್ನೇ ದಿಟ್ಟಿಸಿದಳು. "ಬರ್ದು ಕೊಟ್ಟಿದೀರಾ?"

"ಕೊಟ್ಟಿದೀನಿ."

"ಅಂದ್ರೆ ನಾನು ಆರನೇ ಕ್ಲಾಸಿಗೆ ಹೋಗೋವರೆಗೂ?"

"ಅಲ್ಲೀವರೆಗೂ."

ಆನಿ ಕಿಟಕಿಯ ಕಡೆ ತಿರುಗಿದಳು. ಬಸ್ಸು ಎರಡು ಗುಡ್ಡ ದಾಟಿತು. ಲೈಲ್ ಸದ್ದು ಮಾಡದೆ ರೇಡಿಯೋ ಆರಿಸಿದರು.

"ನಮ್ಮಮ್ಮನ ವಿಷಯ ತುಂಬಾ ಉದ್ದ ಇದೆ, ಮಿಸ್," ಎಂದಳು ಆನಿ. "ಅದಕ್ಕೇ ಶುರು ಮಾಡಿರ್ಲಿಲ್ಲ. ಮೂರು ವರ್ಷ ಇದೆ ಅಂದ್ರೆ ನಿಧಾನಕ್ಕೆ ಹೇಳ್ತೀನಿ."